ಲಿಂಕ್ಡ್ ಡೇಟಾದ ಶೋಧನೆಯಲ್ಲಿ ಪುಟವೂ ಕ್ಯಾಶೂ: ಒಂದು ಚಾರಿತ್ರಿಕ ವಿವೇಚನೆ

ದೊಡ್ಡ ಗ್ರಂಥಾಲಯವೊಂದರ ಸೂಚಿಪತ್ರದ ಪೆಟ್ಟಿಗೆಯ ಮುಂದೆ ನಿಂತು, ಒಂದು ವಿಷಯಕ್ಕೆ ಸಂಬಂಧಿಸಿದ ಸಮಸ್ತ ಗ್ರಂಥಗಳ ಪಟ್ಟಿಯನ್ನು ಬರೆದುಕೊಳ್ಳಲು ಹೊರಟ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ದಿನಕ್ಕೆ ನೂರು ಚೀಟಿಗಳನ್ನು ಬರೆದುಕೊಳ್ಳುವುದಷ್ಟೇ ಅವನಿಂದ ಸಾಧ್ಯ. ಮರುದಿನ ಬಂದು ನೂರೊಂದನೆಯ ಚೀಟಿಯಿಂದ ಮುಂದುವರಿಸುತ್ತಾನೆ. ನಡುವೆ ರಾತ್ರಿ ಗ್ರಂಥಪಾಲನು ಮೊದಲ ನೂರರೊಳಗೆ ಮೂರು ಹೊಸ ಚೀಟಿಗಳನ್ನು ಸೇರಿಸಿದ್ದರೆ, ನಿನ್ನೆ ಕೊನೆಗೆ ಬರೆದ ಮೂರು ಚೀಟಿಗಳೇ ಇಂದು ಮತ್ತೆ ಎದುರಾಗುತ್ತವೆ. ಮೂರನ್ನು ತೆಗೆದಿದ್ದರೆ, ಬೇರೆ ಮೂರು ಚೀಟಿಗಳು ಅವನ ಕಣ್ಣಿಗೆ ಎಂದೆಂದಿಗೂ ಬೀಳುವುದಿಲ್ಲ. ಮೊದಲನೆಯ ತಪ್ಪು ಗೊತ್ತಾಗುವಂಥದು. ಎರಡನೆಯದು ಗೊತ್ತಾಗುವುದೇ ಇಲ್ಲ.

ಗಣಕಯಂತ್ರಗಳಲ್ಲಿ ಸಂಗ್ರಹವಾಗಿರುವ ವಿಸ್ತಾರವಾದ ಜ್ಞಾನರಾಶಿಯನ್ನು ಪ್ರಶ್ನಿಸಿ, ಬಂದ ಉತ್ತರವನ್ನು ಪುಟಪುಟವಾಗಿ ಪಡೆದು, ಅದನ್ನೇ ಆಧಾರವಾಗಿಟ್ಟುಕೊಂಡು ಪ್ರಬಂಧ ಬರೆಯುವ ಇಂದಿನ ಸಂಶೋಧಕನ ಸ್ಥಿತಿಯೂ ಇದೇ. ಆದುದರಿಂದ ಪುಟವಿಂಗಡಣೆ ಮತ್ತು ಕ್ಯಾಶ್ ಎಂಬ ಎರಡು ತಂತ್ರಗಳ ಚರಿತ್ರೆಯು ಕೇವಲ ಯಂತ್ರಶಿಲ್ಪಿಗಳಿಗೆ ಸೇರಿದುದೆಂದು ಭಾವಿಸಲಾಗದು. ಕೊಟ್ಟ ಉತ್ತರದ ನೆನಪನ್ನು ಯಾರು ಇಟ್ಟುಕೊಳ್ಳಬೇಕು, ಕೊಟ್ಟವನೋ, ಕೇಳಿದವನೋ, ನಡುವೆ ನಿಂತವನೋ ಎಂಬ ಪ್ರಶ್ನೆಯೇ ಈ ಚರಿತ್ರೆಯ ತಿರುಳೆಂದು ತೋರುತ್ತದೆ. ಆ ಹೊಣೆ ಕಾಲಕಾಲಕ್ಕೆ ಹೇಗೆ ಕೈ ಬದಲಾಯಿಸಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಿದೆ.

‘ಪುಟ’ ಎಂಬ ಮಾತು ಗಣಕಶಾಸ್ತ್ರದಲ್ಲಿ ಬೇರೂರಿದುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ, 1962ರಲ್ಲಿ ಉದ್ಘಾಟನೆಗೊಂಡ ಆಟ್ಲಾಸ್ ಯಂತ್ರದ ಮೂಲಕ. ಟಾಮ್ ಕಿಲ್ಬರ್ನ್ ಮತ್ತು ಅವರ ಸಹೋದ್ಯೋಗಿಗಳು ಅದೇ ವರ್ಷ ಪ್ರಕಟಿಸಿದ ಲೇಖನದಲ್ಲಿ ಅದರ ವಿವರಣೆಯಿದೆ. ಆ ಯಂತ್ರದ ವೇಗದ ಸ್ಮೃತಿಯಲ್ಲಿ 16,384 ಪದಗಳಿಗೆ ಮಾತ್ರ ಎಡೆಯಿದ್ದಿತು. ನಿಧಾನವಾಗಿ ತಿರುಗುವ ಕಾಂತಡ್ರಮ್ಮುಗಳಲ್ಲಿ 98,304 ಪದಗಳು ಹಿಡಿಸುತ್ತಿದ್ದುವು. ಎರಡನ್ನೂ 512 ಪದಗಳ ಪುಟಗಳಾಗಿ ವಿಭಾಗಿಸಿ, ಬೇಕಾದ ಪುಟವನ್ನು ಡ್ರಮ್ಮಿನಿಂದ ತಾನಾಗಿಯೇ ತಂದುಕೊಳ್ಳುವಂತೆ ಯಂತ್ರವನ್ನು ರಚಿಸಿದರು. ಒಂದು ಪುಟ ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಬೇಕಷ್ಟೆ. ಯಾವುದು ಹೋಗಬೇಕೆಂಬುದನ್ನು ಹಿಂದಿನ ಬಳಕೆಯಿಂದ ಊಹಿಸುವ ‘ಕಲಿಯುವ ಕ್ರಮವಿಧಿ’ಯೊಂದನ್ನು ಅದರಲ್ಲಿ ಅಳವಡಿಸಿದ್ದರು. ಉತ್ತರದ ಪಟ್ಟಿಯ ಪುಟವೂ ಆಟ್ಲಾಸ್ ಯಂತ್ರದ ಪುಟವೂ ಒಂದೇ ಅಲ್ಲ. ಹೆಸರಿನ ಸಾಮ್ಯದಿಂದ ಮೋಸಹೋಗಬಾರದು. ಆದರೆ ಇಡಿಯಾಗಿ ಹಿಡಿಸದುದನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ಮುಂದೆ ಯಾವುದು ಬೇಕಾದೀತೆಂದು ಊಹಿಸುವ ಉಪಾಯ ಎರಡರಲ್ಲಿಯೂ ಒಂದೇ.

1965ರಲ್ಲಿ ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಅವರು, ದೊಡ್ಡ ಸ್ಮೃತಿಯ ಪಕ್ಕದಲ್ಲಿ ಚಿಕ್ಕದೂ ಚುರುಕಾದುದೂ ಆದ ‘ಅಡಿಯಾಳು ಸ್ಮೃತಿ’ಯೊಂದನ್ನು ಇರಿಸಿ, ಇತ್ತೀಚೆಗೆ ಬಳಸಿದುದನ್ನು ಅದರಲ್ಲಿ ಉಳಿಸಿಕೊಳ್ಳಬಹುದೆಂದು ಸೂಚಿಸಿದರು. ಮೂರು ವರ್ಷಗಳ ತರುವಾಯ ಐಬಿಎಂ ಸಂಸ್ಥೆಯ 360 ಶ್ರೇಣಿಯ 85ನೆಯ ಮಾದರಿಯಲ್ಲಿ ಇದು ‘ಕ್ಯಾಶ್’ ಎಂಬ ಹೆಸರಿನಿಂದ ಕಾಣಿಸಿಕೊಂಡಿತು. ಬಚ್ಚಿಡುವುದು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದ ಮಾತು ಅದು. ಈ ನಡುವೆ 1966ರಲ್ಲಿ ಲಾಸ್ಲೊ ಬೆಲಾಡಿ ಅವರು ಒಂದು ಸ್ವಾರಸ್ಯವಾದ ಸಂಗತಿಯನ್ನು ಪ್ರತಿಪಾದಿಸಿದ್ದರು: ಯಾವ ಪುಟದ ಮುಂದಿನ ಬಳಕೆ ಎಲ್ಲಕ್ಕಿಂತ ದೂರದಲ್ಲಿದೆಯೋ ಅದನ್ನು ಹೊರಹಾಕುವುದೇ ಅತ್ಯುತ್ತಮ ಕ್ರಮ. ಭವಿಷ್ಯವನ್ನು ಬಲ್ಲವನಿಗೆ ಮಾತ್ರ ಸಾಧ್ಯವಾದ ಕ್ರಮವೆಂಬುದು ನಿಜ. ಆದರೂ ಇತರ ಕ್ರಮಗಳನ್ನು ಅಳೆಯುವುದಕ್ಕೆ ಅದು ಒರೆಗಲ್ಲಾಯಿತು.

ಈ ಘಟ್ಟದವರೆಗೆ ನೆನಪಿನ ಹೊಣೆ ಒಂದೇ ಯಂತ್ರದ ಗೋಡೆಗಳೊಳಗೆ ಇದ್ದಿತು. ದತ್ತಾಂಶವನ್ನು ಪ್ರಶ್ನಿಸುವ ಪದ್ಧತಿ ಬೆಳೆದಂತೆ ಸಮಸ್ಯೆ ಬೇರೆ ರೂಪ ತಾಳಿತು. 1970ರಲ್ಲಿ ಎಡ್ಗರ್ ಕಾಡ್ ಅವರು ದತ್ತಾಂಶವನ್ನು ಗಣಿತದ ‘ಸಂಬಂಧ’ಗಳ ರೂಪದಲ್ಲಿ ಪ್ರತಿನಿಧಿಸಬೇಕೆಂದು ವಾದಿಸಿದರು. ಸಂಬಂಧವೆಂಬುದು ಒಂದು ಗಣವಾದುದರಿಂದ ಅದರ ಸಾಲುಗಳಿಗೆ ಹಿಂದುಮುಂದೆಂಬುದು ಇಲ್ಲ. ಈ ಸೂಕ್ಷ್ಮವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ. ಮುಂದಿನ ತೊಡಕುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟಿದುವು. ಗಣಕ್ಕೆ ಕ್ರಮವಿಲ್ಲ, ಪುಟಕ್ಕಾದರೋ ಕ್ರಮವಿಲ್ಲದೆ ಅರ್ಥವೇ ಇಲ್ಲ. ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಶಾಲೆಯಲ್ಲಿ 1974ರ ಸುಮಾರಿಗೆ ಆರಂಭವಾದ ಸಿಸ್ಟಂ ಆರ್ ಯೋಜನೆಯವರು ಇದಕ್ಕೆ ‘ಕರ್ಸರ್’ ಎಂಬ ಸಾಧನವನ್ನು ಬಳಸಿದರು. ಉತ್ತರದ ಗಣದ ಮೇಲೆ ಬೆರಳಿಟ್ಟು ಒಂದೊಂದೇ ಸಾಲನ್ನು ಓದುತ್ತ ಹೋದಂತೆ ಅದರ ಕೆಲಸ. ಬೆರಳು ಎಲ್ಲಿದೆ ಎಂಬುದನ್ನು ನೆನಪಿಡುವ ಹೊಣೆ ಉತ್ತರ ಕೊಡುವ ಯಂತ್ರದ್ದು. ಗೊತ್ತಾದ ಕೆಲವೇ ಮಂದಿ ಬಳಕೆದಾರರಿರುವ ಕಚೇರಿಯಲ್ಲಿ ಈ ಏರ್ಪಾಡು ಚೆನ್ನಾಗಿ ನಡೆಯಿತು.

ಜಗತ್ತಿಗೆಲ್ಲ ಬಾಗಿಲು ತೆರೆದ ವೆಬ್ಬಿನಲ್ಲಿ ಅದು ನಡೆಯುವಂತಿರಲಿಲ್ಲ. ಪ್ರಶ್ನೆ ಕೇಳಿದವನು ಮತ್ತೆ ಬರುವನೋ ಇಲ್ಲವೋ ತಿಳಿಯದು; ಅವನಿಗಾಗಿ ಬೆರಳನ್ನು ಹಿಡಿದುಕೊಂಡು ಕಾದಿದ್ದರೆ ಸರ್ವರಿನ ಸ್ಮೃತಿ ಬರಿದಾಗುತ್ತದೆ. ಆದುದರಿಂದ ಪ್ರತಿಯೊಂದು ಕೋರಿಕೆಯೂ ತನ್ನ ಅರ್ಥವನ್ನು ತಾನೇ ಹೊತ್ತು ಬರಬೇಕು, ಹಿಂದಿನದನ್ನು ಸರ್ವರು ನೆನಪಿಡಬೇಕಾಗಿಲ್ಲ ಎಂಬ ನಿಯಮ ಬಲಗೊಂಡಿತು. ರಾಯ್ ಫೀಲ್ಡಿಂಗ್ ಅವರು 2000ದಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆಗೆ ಸಲ್ಲಿಸಿದ ಪ್ರಬಂಧದಲ್ಲಿ ಈ ನಿಯಮವನ್ನೂ, ಉತ್ತರಗಳನ್ನು ನಡುದಾರಿಯಲ್ಲಿ ಕ್ಯಾಶ್ ಮಾಡಲು ಅನುಕೂಲವಿರಬೇಕೆಂಬ ನಿಯಮವನ್ನೂ ಜೊತೆಜೊತೆಯಾಗಿ ನಿರೂಪಿಸಿದರು. 1997ರ ಎಚ್‌ಟಿಟಿಪಿ 1.1 ಇದಕ್ಕೆ ಬೇಕಾದ ಉಪಕರಣಗಳನ್ನು ಆಗಲೇ ಒದಗಿಸಿತ್ತು. ‘ನನ್ನಲ್ಲಿರುವ ಪ್ರತಿಯ ಗುರುತು ಇದು, ಬದಲಾಗಿದ್ದರೆ ಮಾತ್ರ ಕಳುಹಿಸು’ ಎಂದು ಕೇಳಬಹುದು. ಬದಲಾಗದಿದ್ದರೆ 304 ಎಂಬ ಸಂಖ್ಯೆಯಷ್ಟೇ ಉತ್ತರ. ನೆನಪಿನ ಹೊಣೆ ಹೀಗೆ ಕೊಡುವವನಿಂದ ಜಾರಿ, ಕೇಳುವವನ ಮತ್ತು ಮಧ್ಯಸ್ಥನ ಹೆಗಲಿಗೆ ಬಂದಿತು.

ಲಿಂಕ್ಡ್ ಡೇಟಾದ ಚರಿತ್ರೆ ಆರಂಭವಾಗುವುದು ಈ ಹಿನ್ನೆಲೆಯಲ್ಲಿ. 1999ರ ಆರ್‌ಡಿಎಫ್ ಶಿಫಾರಸಿನ ಪ್ರಕಾರ ಪ್ರತಿಯೊಂದು ಸಂಗತಿಯನ್ನೂ ಕರ್ತೃ, ಗುಣ, ಮೌಲ್ಯ ಎಂಬ ಮೂರು ಅಂಗಗಳ ವಾಕ್ಯವಾಗಿ ಬರೆಯಲಾಗುತ್ತದೆ. ತ್ರಿಪದಿಯೆಂದರೆ ನಮ್ಮ ಛಂದಸ್ಸಿನ ನೆನಪಾಗುವುದರಿಂದ ಇಲ್ಲಿ ‘ತ್ರಿಕ’ ಎಂಬ ಶಬ್ದವನ್ನು ಬಳಸಿದೆ. 2006ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಲಿಂಕ್ಡ್ ಡೇಟಾದ ನಾಲ್ಕು ಸೂತ್ರಗಳನ್ನು ಬರೆದರು: ವಸ್ತುಗಳಿಗೆ ವಿಳಾಸರೂಪದ ನಾಮಗಳಿರಬೇಕು, ಅವು ವೆಬ್ಬಿನಲ್ಲಿ ತೆರೆಯುವಂತಿರಬೇಕು, ತೆರೆದಾಗ ಉಪಯುಕ್ತ ಮಾಹಿತಿ ದೊರೆಯಬೇಕು, ಅದರಿಂದ ಇತರ ವಸ್ತುಗಳಿಗೆ ಕೊಂಡಿಗಳಿರಬೇಕು. ಮರುವರ್ಷ ವಿಕಿಪೀಡಿಯದಿಂದ ತ್ರಿಕಗಳನ್ನು ಹೆಕ್ಕಿದ ಡಿಬಿಪೀಡಿಯ ಹೊರಬಂದಿತು. 2008ರ ಜನವರಿ 15ರಂದು ಈ ತ್ರಿಕಗಳನ್ನು ಪ್ರಶ್ನಿಸುವ ಭಾಷೆಗೆ ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಮಾನ್ಯತೆ ದೊರೆಯಿತು. ‘ಸ್ಪಾರ್ಕಲ್’ ಎಂಬುದು ಆ ಭಾಷೆಯ ಹೆಸರು.

ಸ್ಪಾರ್ಕಲ್ ಭಾಷೆಯಲ್ಲಿ ಕರ್ಸರ್ ಇಲ್ಲ. ಅದರ ಸ್ಥಾನದಲ್ಲಿ ಇರುವುದು ಎಷ್ಟು ಸಾಲು ಬೇಕೆಂಬುದನ್ನು ಹೇಳುವ ‘ಲಿಮಿಟ್’, ಮೊದಲಲ್ಲಿ ಎಷ್ಟನ್ನು ಬಿಡಬೇಕೆಂಬುದನ್ನು ಹೇಳುವ ‘ಆಫ್‌ಸೆಟ್’, ಕ್ರಮವನ್ನು ವಿಧಿಸುವ ‘ಆರ್ಡರ್ ಬೈ’ ಎಂಬ ಮೂರು ಮಾತುಗಳು. ಕ್ರಮವನ್ನು ವಿಧಿಸದೆ ಮೊದಲಿನ ಎರಡನ್ನು ಬಳಸಿ ಪುಟ ಮಾಡುವುದರಿಂದ ಪ್ರಯೋಜನವಿಲ್ಲವೆಂದು ಶಿಫಾರಸೇ ಎಚ್ಚರಿಸುತ್ತದೆ. ಎಚ್ಚರಿಕೆಯನ್ನು ಓದದವರು ಅನೇಕರು. ಓದಿದವರಿಗೂ ಅಪಾಯ ತಪ್ಪಿದ್ದಲ್ಲ ಎಂಬುದನ್ನು ಕನ್ನಡದ ಒಂದು ಉದಾಹರಣೆಯಿಂದ ತೋರಿಸಬಹುದು.

ಕರ್ನಾಟಕದ ಗ್ರಾಮಗಳ ಕನ್ನಡ ಹೆಸರುಗಳನ್ನು ಅಧ್ಯಯನ ಮಾಡುವ ವಿದ್ಯಾರ್ಥಿಯೊಬ್ಬನು ಅವುಗಳನ್ನು ಹೆಸರಿನ ಕ್ರಮದಲ್ಲಿ, ನೂರು ನೂರರ ಪುಟಗಳಲ್ಲಿ ಕೇಳುತ್ತಾನೆಂದು ಇಟ್ಟುಕೊಳ್ಳೋಣ. ಮೊದಲನೆಯ ತೊಡಕು: ಆರ್‌ಡಿಎಫ್‌ನಲ್ಲಿ ಕನ್ನಡದ ಹೆಸರಿಗೆ ‘ಇದು ಕನ್ನಡ’ ಎಂಬ ಭಾಷಾಚಿಹ್ನೆ ಅಂಟಿಕೊಂಡಿರುತ್ತದೆ, ಮತ್ತು ಹಾಗೆ ಚಿಹ್ನೆಯುಳ್ಳ ಎರಡು ಮಾತುಗಳಲ್ಲಿ ಯಾವುದು ಮುಂಚೆ ಎಂಬುದನ್ನು 2008ರ ಶಿಫಾರಸಾಗಲಿ 2013ರ ಪರಿಷ್ಕೃತ ಶಿಫಾರಸಾಗಲಿ ನಿರ್ಣಯಿಸಿಲ್ಲ. ಒಂದೊಂದು ಸರ್ವರೂ ತನಗೆ ತೋಚಿದ ಕ್ರಮವನ್ನು ಅನುಸರಿಸಬಹುದು. ಎರಡನೆಯದು: ಭಾಷಾಚಿಹ್ನೆಯನ್ನು ಕಳಚಿ ಬರಿಯ ಅಕ್ಷರಮಾಲೆಯಾಗಿ ಹೋಲಿಸಿದರೆ ಕ್ರಮವೇನೋ ಸ್ಥಿರವಾಗುತ್ತದೆ, ಆದರೆ ಅದು ಯೂನಿಕೋಡ್ ಸಂಖ್ಯೆಗಳ ಕ್ರಮ, ನಮ್ಮ ವರ್ಣಮಾಲೆಯದಲ್ಲ. ಯೂನಿಕೋಡಿನಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಬರುತ್ತದೆ; ಹಕಾರದ ನಂತರ ಅದನ್ನು ಹುಡುಕುವ ಕನ್ನಡಿಗನಿಗೆ ಅದು ಕಾಣಿಸದು. ಮೂರನೆಯ ತೊಡಕು ಎಲ್ಲಕ್ಕಿಂತ ಗಹನವಾದುದು. ಹೊಸಹಳ್ಳಿ ಎಂಬ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಹೆಸರಿನ ಕ್ರಮ ಮಾತ್ರ ಹೇಳಿದ್ದರೆ, ಸಮಾನನಾಮದ ಆ ಊರುಗಳ ನಡುವೆ ಯಾವುದು ಮೊದಲೆಂಬುದಕ್ಕೆ ನಿಯಮವಿಲ್ಲ. ಪುಟದ ಅಂಚು ಹೊಸಹಳ್ಳಿಗಳ ಗುಂಪಿನ ನಡುವೆ ಬಿದ್ದರೆ, ಒಂದು ಹೊಸಹಳ್ಳಿ ಎರಡೂ ಪುಟಗಳಲ್ಲಿ ಕಾಣಿಸಿಕೊಂಡು ಇನ್ನೊಂದು ಎರಡರಲ್ಲಿಯೂ ಕಾಣದೆ ಹೋಗಬಹುದು. ಒಟ್ಟು ಸಾಲುಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ! ಎಣಿಸಿ ನೋಡಿದರೂ ತಪ್ಪು ಹೊರಬೀಳುವುದಿಲ್ಲ.

ಇದಕ್ಕೆ ಪರಿಹಾರವಿಲ್ಲದಿಲ್ಲ. ವಿಳಾಸನಾಮಗಳ ಕ್ರಮವನ್ನು ಶಿಫಾರಸು ಸ್ಪಷ್ಟವಾಗಿ ನಿರ್ಣಯಿಸಿದೆ. ಎರಡು ಊರುಗಳಿಗೆ ಒಂದೇ ವಿಳಾಸನಾಮವೂ ಇರುವುದಿಲ್ಲ. ಆದುದರಿಂದ ಕ್ರಮದ ಕೊನೆಯ ಕೀಲಿಯಾಗಿ ವಿಳಾಸನಾಮವನ್ನು ಇಡಬೇಕು. ಆ ಕ್ರಮದಲ್ಲಿ ವಿಕಿಡೇಟಾದ ಹತ್ತನೆಯ ಸಂಖ್ಯೆಯ ವಸ್ತು ಎರಡನೆಯದಕ್ಕಿಂತ ಮುಂಚೆ ಬಂದೀತು, ಸಂಖ್ಯೆಗಳನ್ನು ಅಲ್ಲಿ ಅಕ್ಷರಗಳಂತೆ ಹೋಲಿಸುವುದರಿಂದ. ಅದರಿಂದ ಬಾಧೆಯಿಲ್ಲ, ನಮಗೆ ಬೇಕಾದುದು ಸ್ಥಿರತೆಯೇ ಹೊರತು ಸೊಗಸಲ್ಲ. ಹೆಸರಿಲ್ಲದ ಬಿಂದುಗಳ ವಿಷಯದಲ್ಲಿ ಮಾತ್ರ ಈ ಪರಿಹಾರವೂ ಸೋಲುತ್ತದೆ. ಆರ್‌ಡಿಎಫ್ ಅಂಥ ಬಿಂದುಗಳಿಗೆ ಅವಕಾಶ ಕೊಟ್ಟಿದೆ. ಅವಕ್ಕೆ ಉತ್ತರದಲ್ಲಿ ಕೊಡುವ ಗುರುತು ಆ ಉತ್ತರದ ಮಟ್ಟಿಗೆ ಮಾತ್ರ ಸಲ್ಲುವುದು. ಒಂದು ಪುಟದ ಬಿಂದುವೂ ಮುಂದಿನ ಪುಟದ ಬಿಂದುವೂ ಒಂದೇ ಎಂದು ಸಾಧಿಸಲು ಆ ಗುರುತಿನಿಂದ ಸಾಧ್ಯವಿಲ್ಲ.

ಆಫ್‌ಸೆಟ್ ವಿಧಾನದ ವೆಚ್ಚವನ್ನೂ ಗಮನಿಸಬೇಕು. ಬಿಡಬೇಕಾದ ಸಾಲುಗಳನ್ನು ಸರ್ವರು ಸಾಮಾನ್ಯವಾಗಿ ಮೊದಲು ಹೊಂದಿಸಿ ಆಮೇಲೆ ಬಿಡುತ್ತದೆ. ಒಂದು ಲಕ್ಷ ಸಾಲುಗಳ ಉತ್ತರವನ್ನು ನೂರರಂತೆ 1,000 ಪುಟಗಳಲ್ಲಿ ಪಡೆದರೆ, ಕೊನೆಯ ಪುಟಕ್ಕಾಗಿ 99,900 ಸಾಲುಗಳನ್ನು ದಾಟಬೇಕು. ಎಲ್ಲ ಪುಟಗಳಿಗೂ ಸೇರಿ ನಡೆದ ದಾರಿ 5,00,50,000 ಸಾಲು. ಲಕ್ಷಕ್ಕಾಗಿ ಐದು ಕೋಟಿಯ ದುಡಿಮೆ! ‘ಇಷ್ಟನ್ನು ಬಿಡು’ ಎನ್ನುವ ಬದಲು ‘ಈ ವಿಳಾಸನಾಮದಿಂದ ಮುಂದಿನವನ್ನು ಕೊಡು’ ಎಂದು ಕೇಳಿದರೆ ಈ ವ್ಯರ್ಥಶ್ರಮ ಬಹುಮಟ್ಟಿಗೆ ತಪ್ಪುತ್ತದೆ. ಹಿಂದೆ ಸೇರಿದ ಅಥವಾ ಅಳಿದ ಸಾಲುಗಳಿಂದ ಮುಂದಿನ ಪುಟ ಜಾರುವುದೂ ಇಲ್ಲ. ಮೊದಲಲ್ಲಿ ಹೇಳಿದ ವಿದ್ಯಾರ್ಥಿಯು ‘ನೂರೊಂದನೆಯ ಚೀಟಿ’ ಎಂದು ಗುರುತಿಟ್ಟುಕೊಳ್ಳದೆ, ಕೊನೆಯದಾಗಿ ಬರೆದ ಗ್ರಂಥದ ಹೆಸರನ್ನೇ ಗುರುತಿಟ್ಟುಕೊಂಡಿದ್ದರೆ ಅವನ ಮೂರು ಚೀಟಿಗಳು ಉಳಿಯುತ್ತಿದ್ದುವು.

ಸಾರ್ವಜನಿಕ ಸರ್ವರುಗಳು ತಮ್ಮನ್ನು ರಕ್ಷಿಸಿಕೊಳ್ಳಲು ಮಿತಿಗಳನ್ನು ಹಾಕಿಕೊಂಡುವು. ಡಿಬಿಪೀಡಿಯದ ಸಾರ್ವಜನಿಕ ಸರ್ವರು ಒಂದು ಉತ್ತರದಲ್ಲಿ 10,000ಕ್ಕಿಂತ ಹೆಚ್ಚು ಸಾಲುಗಳನ್ನು ಕೊಡದಿದ್ದ ಕಾಲವುಂಟು. ಉತ್ತರದ ಕೋಷ್ಟಕದೊಳಗೆ ಅದು ತುಂಡರಿಸಿದ್ದೆಂಬ ಗುರುತು ಇರುವುದಿಲ್ಲ. ಉತ್ತರ ಅಷ್ಟು ದುಂಡಾದ ಸಂಖ್ಯೆಗೆ ಬಂದು ನಿಂತಾಗ ಸಂಶಯ ಪಡದವನು ಸಂಶೋಧಕನಾಗಲಾರ.

ಇನ್ನು ಕ್ಯಾಶಿನ ಕಥೆ. ಪದೇ ಪದೇ ಕೇಳುವ ಪ್ರಶ್ನೆಗೆ ಪದೇ ಪದೇ ಶ್ರಮಪಡುವುದೇಕೆ? 2010ರಲ್ಲಿ ಮೈಕೆಲ್ ಮಾರ್ಟಿನ್, ಯೋರ್ಗ್ ಉನ್‌ಬೆಹೌಎನ್ ಮತ್ತು ಸೋರೆನ್ ಔಎರ್ ಅವರು ಸರ್ವರಿಗೂ ಅನ್ವಯಕ್ಕೂ ನಡುವೆ ಒಂದು ಮಧ್ಯಸ್ಥ ಪದರವನ್ನು ಇಟ್ಟು, ಸ್ಪಾರ್ಕಲ್ ಉತ್ತರಗಳನ್ನು ಅದರಲ್ಲಿ ಕಾಯ್ದಿಡುವ ವಿಧಾನವನ್ನು ವಿವರಿಸಿದರು. ಅವರ ವಿಧಾನದ ಹೆಚ್ಚಳವು ಅಳಿಸುವುದರಲ್ಲಿದೆ. ತ್ರಿಕವೊಂದು ಸೇರಿದಾಗ ಅಥವಾ ಹೋದಾಗ ಇಡೀ ಕ್ಯಾಶನ್ನು ಬರಿದು ಮಾಡದೆ, ಆ ತ್ರಿಕಕ್ಕೆ ಹೊಂದಬಹುದಾದ ಮಾದರಿಯುಳ್ಳ ಪ್ರಶ್ನೆಗಳ ಉತ್ತರಗಳನ್ನು ಮಾತ್ರ ಅವರು ರದ್ದುಪಡಿಸಿದರು. ಬದಲಾವಣೆಗಳೆಲ್ಲವೂ ಅದೇ ಪದರದ ಮೂಲಕ ಹಾದುಹೋಗುವಲ್ಲಿ ಇದು ಸಾಧು. ಬೇರೊಬ್ಬರ ಸರ್ವರಿನಲ್ಲಿ ಆಗುವ ಬದಲಾವಣೆಯನ್ನು ನಮ್ಮ ಪದರ ಹೇಗೆ ತಾನೆ ತಿಳಿದೀತು? ಅಲ್ಲಿ ಉಳಿಯುವುದು ಅವಧಿಯ ಲೆಕ್ಕ ಮಾತ್ರ. ಅರ್ಥ ಒಂದೇ ಆದರೂ ಬರವಣಿಗೆ ಬೇರೆಯಾದ ಪ್ರಶ್ನೆಗಳನ್ನು ಕ್ಯಾಶ್ ಗುರುತಿಸದೆಂಬ ಕೊರತೆಯೂ ಇದೆ. ಸಂಯುಕ್ತ ಪ್ರಶ್ನೆಗಳ ಸಮಾನತೆಯನ್ನು ನಿರ್ಣಯಿಸುವುದು ಎಷ್ಟು ಕಠಿನವೆಂಬುದನ್ನು ಚಂದ್ರ ಮತ್ತು ಮರ್ಲಿನ್ ಅವರು 1977ರಲ್ಲಿಯೇ ಸಿದ್ಧಪಡಿಸಿದ್ದರು.

ಪುಟ ಮತ್ತು ಕ್ಯಾಶ್ ಬೇರೆಬೇರೆಯಾಗಿ ಮಾಡುವ ಕೇಡಿಗಿಂತ ಒಟ್ಟಾಗಿ ಮಾಡುವ ಕೇಡು ದೊಡ್ಡದು. ಪ್ರತಿ ಪುಟವೂ ಬೇರೆ ಕೋರಿಕೆಯಾದುದರಿಂದ ಕ್ಯಾಶಿನಲ್ಲಿ ಅದರ ಆಯುಸ್ಸೂ ಬೇರೆ. ಒಂದನೆಯ ಪುಟ ನಿನ್ನೆಯ ಪ್ರತಿಯಾಗಿರಬಹುದು, ಎರಡನೆಯದು ಈ ಗಳಿಗೆಯದು, ಮೂರನೆಯದು ಇಂದು ಬೆಳಗಿನದು. ಒಂದೊಂದು ಪುಟವೂ ತನ್ನಷ್ಟಕ್ಕೆ ಸತ್ಯ. ಮೂರನ್ನೂ ಹೊಲಿದ ಪಟ್ಟಿ ಮಾತ್ರ ಯಾವ ಕಾಲದಲ್ಲಿಯೂ ಇಲ್ಲದಿದ್ದ ಒಂದು ಸ್ಥಿತಿಯನ್ನು ವರ್ಣಿಸುತ್ತದೆ. ಬೇರೆಬೇರೆ ಪ್ರತಿಗಳ ಓಲೆಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸಿದ ತಾಳೆಗ್ರಂಥವನ್ನು ನೋಡಿರುವ ಗ್ರಂಥಸಂಪಾದಕರಿಗೆ ಇದನ್ನು ವಿವರಿಸಬೇಕಾದುದಿಲ್ಲ.

2013ರ ಹೊತ್ತಿಗೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂಬುದು ಕಾರ್ಲೋಸ್ ಬುಇಲ್-ಅರಾಂಡ ಮತ್ತು ಸಂಗಡಿಗರ ಸಮೀಕ್ಷೆಯಿಂದ ತಿಳಿಯುತ್ತದೆ. ಅವರು 427 ಸಾರ್ವಜನಿಕ ಸ್ಪಾರ್ಕಲ್ ಕೇಂದ್ರಗಳನ್ನು ಪರಿಶೀಲಿಸಿದರು. ಅವುಗಳ ಲಭ್ಯತೆಯನ್ನು 27 ತಿಂಗಳು ಅಳೆದರು. ತಿಂಗಳಿನ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೊತ್ತು ಉತ್ತರ ಕೊಡುವ ಭರವಸೆಯಿದ್ದುದು ಸುಮಾರು ಮೂರರಲ್ಲೊಂದು ಭಾಗದ ಕೇಂದ್ರಗಳಿಗೆ ಮಾತ್ರ. ಎಂಥ ಕಠಿನ ಪ್ರಶ್ನೆಯನ್ನಾದರೂ ಯಾರಾದರೂ ಬಿಟ್ಟಿಯಾಗಿ ಕೇಳಬಹುದಾದಲ್ಲಿ ಹೀಗಾದುದು ಆಶ್ಚರ್ಯವಲ್ಲ.

ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾನಿಲಯದ ರೂಬೆನ್ ವೆರ್ಬೋರ್ಘ್ ಮತ್ತು ಅವರ ಬಳಗ 2014ರಲ್ಲಿ ಮುಂದಿಟ್ಟ ‘ಟ್ರಿಪಲ್ ಪ್ಯಾಟರ್ನ್ ಫ್ರ್ಯಾಗ್‌ಮೆಂಟ್ಸ್’ ಎಂಬ ಪದ್ಧತಿಯು ಈ ಚರಿತ್ರೆಯಲ್ಲಿ ಒಂದು ತಿರುವು. ಸರ್ವರು ಒಂದೇ ಒಂದು ತ್ರಿಕದ ಮಾದರಿಗೆ ಹೊಂದುವ ತ್ರಿಕಗಳನ್ನು, ಪುಟಪುಟವಾಗಿ, ಒಟ್ಟು ಎಷ್ಟಿರಬಹುದೆಂಬ ಅಂದಾಜಿನೊಡನೆ ಕೊಡುತ್ತದೆ. ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಮಾದರಿಗಳನ್ನು ಜೋಡಿಸಿ ಸಂಯುಕ್ತ ಪ್ರಶ್ನೆಗೆ ಉತ್ತರ ಕಟ್ಟುವುದು ಕೇಳುವವನ ಯಂತ್ರದ ಕೆಲಸ. ‘ಕರ್ನಾಟಕದ ಊರುಗಳು’ ಎಂಬ ತುಣುಕು ನದಿಗಳನ್ನು ಕುರಿತು ಕೇಳುವವನಿಗೂ ದೇವಾಲಯಗಳನ್ನು ಕುರಿತು ಕೇಳುವವನಿಗೂ ಒಂದೇ ಆದುದರಿಂದ, ಸಾಮಾನ್ಯವಾದ ವೆಬ್ ಕ್ಯಾಶೇ ಅದನ್ನು ಇಬ್ಬರಿಗೂ ಒದಗಿಸಬಲ್ಲುದು. ಸರ್ವರು ಹಗುರಾಯಿತು, ಲಭ್ಯತೆ ಹೆಚ್ಚಿತು. ಅದಕ್ಕೆ ತೆತ್ತ ಬೆಲೆಯೆಂದರೆ ಒಂದು ಪ್ರಶ್ನೆಗೆ ನೂರಾರು ಕೋರಿಕೆಗಳ ಓಡಾಟ ಮತ್ತು ಉತ್ತರದ ವಿಳಂಬ. ಕರ್ಸರಿನ ಬೆರಳು ಪೂರ್ತಿಯಾಗಿ ಕೇಳುವವನ ಕೈಗೆ ಬಂದುದು ಇಲ್ಲಿಯೇ.

ಇದಕ್ಕೆ ಸಮತೂಕವೆನ್ನಬಹುದಾದುದು 2019ರಲ್ಲಿ ಫ್ರಾನ್ಸಿನ ನಾಂತ್ ನಗರದ ತೋಮಾಸ್ ಮಿನಿಯೆ, ಹಲಾ ಸ್ಕಾಫ್-ಮೋಲಿ ಮತ್ತು ಪಾಸ್ಕಲ್ ಮೋಲಿ ಅವರು ರಚಿಸಿದ ‘ಸೇಜ್’. ಅದರಲ್ಲಿ ಸರ್ವರು ಪ್ರಶ್ನೆಯನ್ನು ಒಂದು ಸಣ್ಣ ಕಾಲಾಂಶದವರೆಗೆ ಮಾತ್ರ ನಡೆಸಿ ನಿಲ್ಲಿಸುತ್ತದೆ. ಬಂದಷ್ಟು ಉತ್ತರವನ್ನೂ, ಎಲ್ಲಿ ನಿಂತಿತೆಂಬ ಸ್ಥಿತಿಯನ್ನೂ ಕೇಳಿದವನಿಗೆ ಕೊಟ್ಟುಬಿಡುತ್ತದೆ. ಮುಂದಿನ ಪುಟ ಬೇಕಾದವನು ಆ ಸ್ಥಿತಿಯನ್ನು ಮರಳಿಸಿದರೆ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ಪುಟವನ್ನು ಇಲ್ಲಿ ಸಾಲುಗಳಿಂದಲ್ಲ, ಕಾಲದಿಂದ ಅಳೆದಿದೆ. ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳಲು 1960ರ ದಶಕದಲ್ಲಿ ಕಂಡುಕೊಂಡ ಕಾಲಹಂಚಿಕೆಯೇ ವೆಬ್ಬಿನ ಬಾಗಿಲಿಗೆ ಮರಳಿ ಬಂದಂತಾಯಿತು.

ವೆಬ್ ಒಕ್ಕೂಟದವರು ಪುಟವಿಂಗಡಣೆಗೆ ಒಂದು ಸಾಮಾನ್ಯ ನಿಯಮವನ್ನು ರೂಪಿಸಲು ಯತ್ನಿಸಿದುದುಂಟು. ಲಿಂಕ್ಡ್ ಡೇಟಾ ಪ್ಲಾಟ್‌ಫಾರ್ಮ್ 2015ರ ಫೆಬ್ರವರಿಯಲ್ಲಿ ಶಿಫಾರಸಾಯಿತು. ಅದರ ಪುಟವಿಂಗಡಣೆಯ ಭಾಗ ಶಿಫಾರಸಿನ ಮಟ್ಟಕ್ಕೇರದೆ ಅದೇ ವರ್ಷ ಟಿಪ್ಪಣಿಯಾಗಿ ಉಳಿಯಿತು. ಆದರೂ ಅದರಲ್ಲಿ ಒಂದು ನಿಬಂಧನೆ ಗಮನಾರ್ಹವಾಗಿದೆ. ಓದುಗನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಾಗುವಷ್ಟು ಕಾಲವೂ ಬದಲಾಗದೆ ಇದ್ದ ಸಂಗತಿಯು ಯಾವುದಾದರೊಂದು ಪುಟದಲ್ಲಿ ಅವನಿಗೆ ದೊರೆಯಲೇಬೇಕೆಂದು ಅದು ವಿಧಿಸುತ್ತದೆ. ನಡುವೆ ಸೇರಿದ, ಅಳಿದ ಸಂಗತಿಗಳ ವಿಷಯದಲ್ಲಿ ಯಾವ ಭರವಸೆಯೂ ಇಲ್ಲ. ಚಿಕ್ಕ ಭರವಸೆ, ಆದರೆ ಬರಿಯ ಆಫ್‌ಸೆಟ್ ಬಳಸಿದವನಿಗೆ ಅಷ್ಟೂ ಇರುವುದಿಲ್ಲ. ಮೇಲೆ ಹೇಳಿದಂತೆ ವಿಳಾಸನಾಮದ ಕ್ರಮದಲ್ಲಿ ‘ಇದರ ಮುಂದಿನವು’ ಎಂದು ಕೇಳುತ್ತ ಹೋದವನು, ಕ್ಯಾಶ್ ಹಳೆಯ ಪ್ರತಿಯನ್ನು ಕೊಡದಿದ್ದ ಪಕ್ಷದಲ್ಲಿ, ಇಷ್ಟನ್ನು ತಾನಾಗಿಯೇ ಗಳಿಸಿಕೊಳ್ಳುತ್ತಾನೆ.

ಕನ್ನಡದ ಹೆಸರುಗಳನ್ನೂ ಒಳಗೊಂಡಿರುವ ವಿಕಿಡೇಟಾ 2012ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅದರ ಸ್ಪಾರ್ಕಲ್ ಸೇವೆ 2015ರಲ್ಲಿ ತೆರೆಯಿತು. ಒಂದು ಪ್ರಶ್ನೆಗೆ 60 ಸೆಕೆಂಡುಗಳ ಗಡುವನ್ನು ಆ ಸೇವೆಗೆ ವಿಧಿಸಲಾಯಿತು. ಗಡುವು ಮೀರಿದಾಗ ಪುಟಗಳಾಗಿ ಒಡೆದು ಕೇಳುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಆರ್ಡರ್ ಬೈ ಎಂದೊಡನೆ ಸರ್ವರು ಸಾಮಾನ್ಯವಾಗಿ ಇಡೀ ಉತ್ತರವನ್ನು ಹೊಂದಿಸಿ ಕ್ರಮಗೊಳಿಸಬೇಕಾಗುವುದರಿಂದ, ಮೊದಲ ಪುಟವೇ ಗಡುವಿನೊಳಗೆ ಬಾರದೆ ಹೋಗುವುದುಂಟು. ಆಗ ಕೆಲವರು ಕ್ರಮವನ್ನೇ ಕೈಬಿಡುತ್ತಾರೆ, ಉತ್ತರ ಬರುತ್ತದೆ, ಹೊಸಹಳ್ಳಿಗಳು ಕಳೆದುಹೋಗುತ್ತವೆ. 2025ರಲ್ಲಿ ವಿಕಿಡೇಟಾದವರು ದತ್ತರಾಶಿಯ ಭಾರವನ್ನು ತಾಳಲಾರದೆ, ವಿದ್ವತ್ ಲೇಖನಗಳ ವಿವರಗಳನ್ನು ಬೇರೆ ಸರ್ವರಿಗೆ ವರ್ಗಾಯಿಸಿದರು. ಎರಡನ್ನೂ ಬೆಸೆದು ಕೇಳಬೇಕಾದ ಪ್ರಶ್ನೆಗೆ ಅಂದಿನಿಂದ ಎರಡು ಸರ್ವರುಗಳು ಉತ್ತರ ಹೇಳಬೇಕು, ಮತ್ತು ಅವುಗಳ ಗಳಿಗೆ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ವಿಕಿಡೇಟಾ ಕಾಲಕಾಲಕ್ಕೆ ಹೊರಡಿಸುವ ದಿನಾಂಕವುಳ್ಳ ಇಡೀ ಪ್ರತಿಯನ್ನು ಇಳಿಸಿಕೊಂಡು ತನ್ನ ಯಂತ್ರದಲ್ಲಿಯೇ ಪ್ರಶ್ನಿಸುವವನಿಗೆ ಈ ತೊಂದರೆಗಳು ಬಾಧಿಸವು; ಆದರೆ ಆ ಪ್ರತಿ ಹಿಡಿಸುವಂಥ ಯಂತ್ರ ನಮ್ಮ ಎಷ್ಟು ಕಾಲೇಜುಗಳಲ್ಲಿದೆ?